ನೀರಿಗೆ ಇಳಿಯಬೇಡ

ನೆವಾರ್ಕ್
ಜೂನ್ 8, 2025

ಮಗಳು ಮಾಧುರಿಗೆ ಅವ್ವ ಚನ್ನಬಸವ್ವನ ಆಶೀರ್ವಾದ.

ನೀನು ಗ್ರೀಸ್ ದೇಶ ಮುಟ್ಟಿದ ಸುದ್ದಿ ಅಳಿಯಂದಿರು ಹೇಳಿದರು. ವಿಮಾನ ಇಳಿದು ಮತ್ತೆ ದೋಣಿ ಹತ್ತಿ ಹೋದೆಯಂತೆ. ದೋಣಿಯೂ ಇದೆ ಅಂತ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ನಾಲ್ಕು ದಿನ ಮುಂಚೆಯೇ ಹೆದರಿ ಮುಗಿಸಿಬಿಡುತ್ತಿದ್ದೆ, ಈಗ ಎಲ್ಲಾ ಒಮ್ಮೆಲೇ ಹೆದರಬೇಕಾಯಿತು.

ಅದೆಂಥ ಹೋಟೆಲವ್ವ ಅದು, ಬಾಗಿಲಲ್ಲೇ ಫೋನು ಇಸಿದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕುವುದು? ಫೋನು ಇಲ್ಲದಿದ್ದರೇ ಆರಾಮ ಅಂತ ಅವರು ತಿಳಿದಿದ್ದಾರೆ. ಆ ಕಡೆ ಆರಾಮ ಇರಬಹುದು, ಈ ಕಡೆ ಕೂತವರ ಗತಿ ಯಾರಿಗೆ ಬೇಕು. ನಾನು ಪತ್ರ ಬರೆದುಕೊಟ್ಟರೆ ಅಳಿಯಂದಿರು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಅದರ ಫೋಟೋ ಕಳಿಸುತ್ತಾರಂತೆ, ಅಲ್ಲಿಯವರು ಕಾಗದದ ಮೇಲೆ ತೆಗೆದು ನಿನಗೆ ರಾತ್ರಿ ಊಟದ ಜೊತೆ ಕೊಡುತ್ತಾರಂತೆ. ನೀನು ಬರೆದದ್ದೂ ಹಾಗೆಯೇ ಈ ಕಡೆ ಬರುತ್ತದಂತೆ. ಐದನೆಯ ಇಯತ್ತೆ ಅರ್ಧಕ್ಕೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದರೆ ನೀನೇ ಸರಿಮಾಡಿಕೊಂಡು ಓದು. "ನಿಮ್ಮ ಪತ್ರ ನಾ ಓದೂದಿಲ್ಲರಿ ಅತ್ತಿ, ಫೋಟೋ ಅಷ್ಟ ಹೊಡೀತೀನಿ" ಅಂದಿದ್ದಾರೆ. ಅವರ ಮಾತಿನ ಮೇಲೆ ನನಗೆ ನಂಬಿಕೆ ಇದೆ.

ಆದರೆ ಒಂದು ಕರಾರು ಹಾಕಿದ್ದಾರೆ. "ಮೂರು ವಾರ ಆಕಿಗೆ ಯಾರ ಬ್ಯಾನಿ ಸುದ್ದಿನೂ ಬ್ಯಾಡ್ರಿ ಅತ್ತಿ. ಬಿಪಿ, ಮೊಣಕಾಲು, ಏನೂ ಬರೀಬ್ಯಾಡ್ರಿ. ದವಾಖಾನಿಯೊಳಗ ರೋಗಿಗಳನ್ನ ನೋಡಿ ನೋಡಿನ ಆಕಿ ನಿದ್ದಿ ಹೋಗೇದ." ಆಯಿತಪ್ಪ ಅಂದೆ. ಓಕ್ಲ್ಯಾಂಡಿನ ದವಾಖಾನೆಯಿಂದ ಬಂದು ಕಾರಿನಲ್ಲೇ ಕೂತಿರುತ್ತಿದ್ದೆಯಲ್ಲ, ಒಳಗೆ ಬರುವುದಕ್ಕೂ ಶಕ್ತಿ ಇಲ್ಲದವರ ಹಾಗೆ, ಅದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ನಿನಗೆ ನಿದ್ದೆ ಬಂದರೆ ಸಾಕು. ಬ್ಯಾನಿ ಬಿಟ್ಟು ನಾನು ಏನು ಬರೆಯಲಿ ಅನ್ನುವುದೇ ಈಗ ಯೋಚನೆ.

ನಿನ್ನ ಗೆಳತಿ ವಿಭಾ ಜೊತೆಗೆ ಇದ್ದಾಳೆ ಅನ್ನುವುದೊಂದೇ ಧೈರ್ಯ. ಅವಳಿಗೆ ಈಜು ಬರುತ್ತದೆಯೇ? ನಾನು ಕಟ್ಟಿಕೊಟ್ಟ ರೊಟ್ಟಿ ಮುರಿದಿಲ್ಲ ತಾನೆ? ನೀನು ಹೋದ ಮೇಲೆ ಮನೆಯಲ್ಲಿ ಸಣ್ಣ ನೊಣ ಬಹಳ ಆಗಿವೆ. ಕೈ ಬೀಸಿದರೂ ಹೋಗುವುದಿಲ್ಲ. ಇದು ಬ್ಯಾನಿ ಅಲ್ಲ, ನೊಣದ ಸುದ್ದಿ, ಆದ್ದರಿಂದ ಬರೆದೆ.

ನಿನ್ನ ಅವ್ವ


ಗ್ರೀಸ್, ಸಮುದ್ರದ ದಂಡೆ
ಜೂನ್ 10

ಅವ್ವ,

ಸುಖವಾಗಿದ್ದೇನೆ. ಇಲ್ಲಿಯ ಸಮುದ್ರ ನೋಡಿದರೆ ನೀನೂ ಹೆದರುವುದಿಲ್ಲ. ಅಲೆ ಅಂತ ಹೇಳಿಕೊಳ್ಳುವ ಅಲೆಯೇ ಇಲ್ಲ. ಮೂರು ಕಡೆ ಗುಡ್ಡ, ನಡುವೆ ಹಿಟ್ಟು ನಾದುವ ಪರಾತದಲ್ಲಿ ಹಿಡಿದಿಟ್ಟ ಹಾಗೆ ನೀರು. ತಳದ ಕಲ್ಲು ಎಣಿಸಬಹುದು. ಹನ್ನೆರಡು ಕೋಣೆಯ ಹೋಟೆಲು, ಎದುರಿಗೆ ಅಂಜೂರದ ಗಿಡ, ಗಿಡದ ಕೆಳಗೆ ಮಲಗುವ ಕುರ್ಚಿಗಳು. ಮಧ್ಯಾಹ್ನ ಗುಡ್ಡದ ಮೇಲಿನ ಆಡುಗಳ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ. ಪೇಜರ್ ಇಲ್ಲ, ಫ್ರೀವೇ ಇಲ್ಲ.

ಊಟದ ಚಿಂತೆ ಬಿಡು. ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದಂಥ ಗಟ್ಟಿ ಮೊಸರು, ಟೊಮೆಟೊ, ಬ್ರೆಡ್ಡು, ದೊಡ್ಡ ಅವರೆಯ ಹಾಗಿರುವ ಒಂದು ಕಾಳಿನ ಪಲ್ಯ. ಹೋಟೆಲಿನ ಒಡತಿಗೆ ನಿನ್ನ ಶೇಂಗಾ ಚಟ್ನಿ ರುಚಿ ತೋರಿಸಿದೆ. ಈಗ ಊಟ ತಂದಿಟ್ಟು ಕೈ ಚಾಚಿ ನಿಂತುಬಿಡುತ್ತಾಳೆ.

ವಿಭಾ ಚೆನ್ನಾಗಿ ಈಜುತ್ತಾಳೆ. ನಾನೂ ಇಳಿಯುತ್ತೇನೆ. ನಿದ್ದೆ ಬರುತ್ತಿದೆ.

ನೊಣಕ್ಕೆ ಒಂದು ಬಟ್ಟಲಲ್ಲಿ ವಿನಿಗರ್ ಹಾಕಿ, ಪಾತ್ರೆ ತೊಳೆಯುವ ಸೋಪು ಎರಡು ಹನಿ ಬಿಟ್ಟು ಇಡು. ಬಂದು ಬೀಳುತ್ತವೆ.

ಮಾಧುರಿ


ನೆವಾರ್ಕ್
ಜೂನ್ 12

ಮಾಧುರಿಗೆ ಆಶೀರ್ವಾದ.

ಪತ್ರ ನೋಡಿ ಜೀವ ಬಂತು. ಆದರೆ ತಳ ಕಾಣುವ ನೀರು ಆಳ ಇರುವುದಿಲ್ಲ ಅಂತ ತಿಳಿಯಬೇಡ. ಬಾವಿಯ ನೀರೂ ತಿಳಿಯಾಗಿಯೇ ಇರುತ್ತದೆ.

ವಿನಿಗರ್ ಇಟ್ಟೆ. ಒಂದು ನೊಣವೂ ಬೀಳಲಿಲ್ಲ. ಸ್ನೇಹಲ್ ಬಂದು ಬಟ್ಟಲು ನೋಡಿ, "ಅಜ್ಜಿ, ದೇರ್ ಆರ್ ನೋ ಫ್ಲೈಸ್" ಅಂದಳು. "ನಿನ್ನ ಮೂಗಿನ ಮುಂದನ ಹಾರಾಕತ್ತಾವಲ್ಲ ನೋಡ" ಅಂದರೆ, ನನ್ನ ಮುಖ ನೋಡಿ, "ಓಕೆ ಅಜ್ಜಿ, ಬಟ್ ಡೋಂಟ್ ಈಟ್ ದಟ್" ಅಂತ ಬಟ್ಟಲು ಆಚೆ ಸರಿಸಿ ಹೋದಳು. ವಿನಿಗರ್ ಕುಡಿಯುವಷ್ಟು ದಡ್ಡಿಯೇನು ನಾನು. ನಿನ್ನ ಮಗಳು ನನಗೆ ಹೆದರುವುದೇ ಇಲ್ಲ.

ಇನ್ನೊಂದು ಮಾತು. ನಿನ್ನೆ ಸಂಜೆ ಕಾಯಿಪಲ್ಲೆ ಹೆಚ್ಚುವಾಗ ಬಲಗಡೆಯಿಂದ ಮಿಂಚು ಹೊಡೆಯಿತು. ಮೂರು ಸಲ. ಅಳಿಯಂದಿರನ್ನು ಕರೆದೆ. ಹೊರಗೆ ಹೋಗಿ ಕತ್ತೆತ್ತಿ ನೋಡಿ, "ಮೋಡನ ಇಲ್ಲಲ್ರಿ ಅತ್ತಿ" ಅಂದರು. ಗುಡುಗೂ ಇಲ್ಲ. ಮೋಡವಿಲ್ಲದೆ ಮಿಂಚು ಬರುತ್ತದೆಯೇ? ನಿನ್ನ ಕಡೆ ಬಿರುಗಾಳಿ ಏನಾದರೂ ಎದ್ದಿದೆಯೇ? ಅದು ಇದೇ ಆಕಾಶ ತಾನೆ. ಅದನ್ನಷ್ಟು ತಿಳಿಸು, ಬೇರೆ ಏನು ಬರೆಯದಿದ್ದರೂ ನಡೆಯುತ್ತದೆ.

ಅವ್ವ


ಗ್ರೀಸ್
ಜೂನ್ 13

ಅವ್ವ, ಇಲ್ಲಿ ಗಾಳಿಯೂ ಇಲ್ಲ, ಮೋಡವೂ ಇಲ್ಲ. ಮಿಂಚೂ ಅಲ್ಲ ಅದು. ಜುಲೈ ನಾಲ್ಕಕ್ಕೆ ಹಾರಿಸುವ ಪಟಾಕಿಯನ್ನು ನಮ್ಮ ಬೀದಿಯ ಹುಡುಗರು ಈಗಲೇ ಶುರು ಮಾಡಿರುತ್ತಾರೆ. ಪ್ರತಿ ವರ್ಷ ನೀನು ಪೊಲೀಸರಿಗೆ ಹೇಳೋಣ ಅನ್ನುತ್ತೀಯಲ್ಲ, ಅದೇ.

ನಿನಗೆ ಯಾವಾಗಲೂ ಏನಾದರೂ ಒಂದು ಬೇಕು. ಹೋದ ತಿಂಗಳು ಗ್ಯಾಸಿನ ವಾಸನೆ, ಅದರ ಹಿಂದೆ ಗ್ಯಾರೇಜಿನಲ್ಲಿ ಯಾರೋ ಇದ್ದಾರೆ ಅಂತ. ನಿನಗೂ ಈ ಹೋಟೆಲಿನವರ ಹತ್ತಿರ ಫೋನು ಕೊಟ್ಟು ಎರಡು ವಾರ ಮಲಗಿಸಬೇಕು. ವಿಭಾಳೂ ಅದನ್ನೇ ಹೇಳಿ ನಗುತ್ತಿದ್ದಳು.

ಸಮುದ್ರ ಇವತ್ತು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದೆ. ನಾನು ಆರಾಮ.

ಮಾಧುರಿ


ನೆವಾರ್ಕ್
ಜೂನ್ 15

ಮಾಧುರಿ,

ಪಟಾಕಿಗೆ ಸದ್ದಿರಬೇಕಲ್ಲವೇ. ಹೋಗಲಿ.

ವಿಭಾ ಹೇಗಿದ್ದಾಳೆ? ಅವಳ ಕೈಯಿಂದ ಈ ಸಲ ನನಗೆ ಎರಡು ಸಾಲು ಬರೆಸು. ಮೈಸೂರಿನವಳು, ಅಕ್ಷರ ಚೆನ್ನಾಗಿರುತ್ತದೆ. ಅವಳ ಜೊತೆ ನಿಂತು ಒಂದು ಫೋಟೋನಾದರೂ ಹೋಟೆಲಿನವರಿಗೆ ಹೇಳಿ ತೆಗೆಸು. ಸುಮ್ಮನೆ ಕೇಳಿದೆ.

ಈಗ ಬರೆಯುವುದನ್ನು ಸಿಟ್ಟಾಗದೆ ಓದು. ಎರಡು ದಿನದಿಂದ ಲಿಂಗಪೂಜೆಗೆ ಕೂತಾಗ ಒಂದು ಆಗುತ್ತಿದೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ರೆಪ್ಪೆ ಬಡಿಯದೆ ನೋಡುತ್ತೇನಲ್ಲ, ಏಳನೆಯ ವಯಸ್ಸಿನಿಂದ ನೋಡುತ್ತಿದ್ದೇನೆ, ನನ್ನ ಅಂಗೈಗಿಂತ ನನಗೆ ಅದರ ಗುರುತು ಹೆಚ್ಚು. ಮೊನ್ನೆ ಅದರ ಅಡಿಯಲ್ಲಿ ಕಪ್ಪು ನೀರು ನಿಂತ ಹಾಗೆ ಆಯಿತು. ವಿಭೂತಿ ಒರೆಸಿ ನೋಡಿದೆ, ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಇವತ್ತು ಆ ನೀರು ಇನ್ನಷ್ಟು ಮೇಲೆ ಬಂದಿದೆ. ಲಿಂಗ ಬುಡದಿಂದ ಮುಳುಗುತ್ತಿದೆ ಮಾಧುರಿ.

ನೀನು ನೀರಿನ ದಂಡೆಯಲ್ಲಿದ್ದೀ. ನನಗೆ ಅಂಗೈಯಲ್ಲಿ ನೀರು ಕಾಣುತ್ತಿದೆ. ಇದನ್ನು ನಾನು ಹೇಗೆ ತಿಳಿಯಬೇಕು ಹೇಳು. ಮೂರು ವಾರ ಮುಗಿಯುವ ತನಕ ನೀರಿಗೆ ಇಳಿಯಬೇಡ. ಕುರ್ಚಿಯ ಮೇಲೆ ಕೂತು ನೋಡು. ನೋಡಿದರೂ ಆರಾಮವೇ ಸಿಗುತ್ತದೆ. ನನ್ನ ಆಣೆ.

ಅವ್ವ


ಗ್ರೀಸ್
ಜೂನ್ 16

ಅವ್ವ,

ಆಣೆ ಹಾಕಿದ್ದು ಸರಿಯಲ್ಲ. ನಾನು ಇಲ್ಲಿಗೆ ಬಂದದ್ದೇ ಹೆದರಿಕೆ ಇಲ್ಲದೆ ನಾಲ್ಕು ದಿನ ಇರುವುದಕ್ಕೆ. ದವಾಖಾನೆಯಲ್ಲಿ ದಿನವೂ ಯಾರದೋ ಹೆದರಿಕೆ ಹೊತ್ತುಕೊಂಡು ನಿಂತಿರುತ್ತೇನೆ. ಊಟದ ತಾಟಿನ ಪಕ್ಕದಲ್ಲಿ ನಿನ್ನ ಪತ್ರ ಬಂದರೆ ಇವತ್ತು ಏನು ಕಾದಿದೆಯೋ ಅಂತ ಮಡಿಕೆ ಬಿಚ್ಚುವುದಕ್ಕೆ ಮುಂಚೆಯೇ ತಾಟು ಆಚೆ ಸರಿಸುತ್ತೇನೆ. ಲಿಂಗ ಮುಳುಗುವುದಿಲ್ಲ. ಶಕುನ, ಕನಸು, ಮಿಂಚು, ಇವನ್ನು ಇನ್ನು ಬರೆಯಬೇಡ. ಹಿತ್ತಲಿನ ನಿಂಬೆಗಿಡದ ಸುದ್ದಿ ಬರೆ.

ವಿಭಾಳಿಗೆ ಬಿಸಿಲು ಹತ್ತಿ ಮಲಗಿದ್ದಾಳೆ, ಆದ್ದರಿಂದ ಬರೆಯಲಿಲ್ಲ.

ಮಾಧುರಿ


ನೆವಾರ್ಕ್
ಜೂನ್ 17

ಮಾಧುರಿ,

ನಿಂಬೆಗಿಡ ಚೆನ್ನಾಗಿದೆ. ಕೆಳಗಿನ ಕೊಂಬೆಯ ಕಾಯಿ ಕಾಣುವುದಿಲ್ಲ, ಮೇಲಿನವು ಕಾಣುತ್ತವೆ.

ವಿಭಾಳಿಗೆ ಬಿಸಿಲು ಹತ್ತಿಲ್ಲ. ಅವಳನ್ನು ನಾನು ಶನಿವಾರ ಫ್ರೀಮಾಂಟಿನ ಕಿರಾಣಿ ಅಂಗಡಿಯಲ್ಲಿ ನೋಡಿದೆ. ನುಗ್ಗೆಕಾಯಿ ಆರಿಸುತ್ತಿದ್ದಳು. ಸುಳ್ಳು ಹೊರಬಿದ್ದು ಅವಳಿಗೆ ನಾಚಿಕೆಯಾಗಬಾರದು ಅಂತ ನಾನೇ ಅಕ್ಕಿ ಚೀಲಗಳ ಹಿಂದೆ ಕೂತೆ. ಅಳಿಯಂದಿರು ಬಿಲ್ಲು ಕೊಟ್ಟು ಬಂದು, "ಯಾಕ್ರಿ ಅತ್ತಿ, ಕುಂತ್ರಿ?" ಅಂದರು. ಮೊಣಕಾಲು ಅಂದೆ. ಅವರಿಗೂ ಗೊತ್ತಿರಬೇಕು ನೀನು ಒಬ್ಬಳೇ ಹೋದದ್ದು. ಅಳಿಯನ ಮುಂದೆ ನಾನು ಹೇಗೆ ಕೇಳಲಿ, ನೀವಿಬ್ಬರೂ ಚೆನ್ನಾಗಿದ್ದೀರೋ ಇಲ್ಲವೋ ಅಂತ. ನೀನು ನಿಜವಾಗಿ ಸಮುದ್ರದ ಹತ್ತಿರ ಇದ್ದೀಯೋ, ಯಾವುದಾದರೂ ದವಾಖಾನೆಯಲ್ಲಿ ಮಲಗಿದ್ದೀಯೋ. ಮೂರು ದಿನದಿಂದ ಇದನ್ನೇ ರುಬ್ಬುತ್ತಿದ್ದೇನೆ.

ಶಕುನ ಬರೆಯಬೇಡ ಅಂದೆ. ಇದೊಂದು ಬರೆದು ಬಿಡುತ್ತೇನೆ. ಇವತ್ತು ಲಿಂಗ ಅರ್ಧ ಮುಳುಗಿದೆ. ಎಡಗಣ್ಣಿಗೆ ವಿಭೂತಿಯ ಪುಡಿ ಬಿತ್ತು, ಮುಚ್ಚಿಕೊಂಡು ಉಜ್ಜಿದೆ. ಆಗ ಅಂಗೈಯೇ ಕಾಣಲಿಲ್ಲ, ಲಿಂಗದ ತಲೆ ಅಷ್ಟೇ ನೀರಿನ ಮೇಲೆ ಇದ್ದಂತೆ ಕಂಡಿತು. ಎಡಗಣ್ಣು ತೆರೆದರೆ ಅಂಗೈ ಮತ್ತೆ ಬಂತು. ನಮ್ಮ ಮನೆಗೆ ಏನೋ ಕಾದಿದೆ. ನೀನು ದಂಡೆಯಿಂದ ದೂರ ಇರು, ಅಷ್ಟು ಸಾಕು.

ಸಾಲು ಕೆಳಗೆ ಜಾರುತ್ತಿವೆ. ಕಾಗದ ಸರಿಯಾಗಿಟ್ಟಿಲ್ಲ ಅಂತ ಕಾಣುತ್ತದೆ.

ಅವ್ವ


ಗ್ರೀಸ್
ಜೂನ್ 19

ಅವ್ವ,

ಫೋನಿನಲ್ಲಿ ಬರೀ ಕೂಗಾಡಿದೆ. ಅದಕ್ಕೆ ಈಗ ಕೂತು ಬರೆಯುತ್ತಿದ್ದೇನೆ.

ಮೊನ್ನೆ ತಾಟಿನ ಪಕ್ಕದಲ್ಲಿ ನಿನ್ನ ಪತ್ರ ಇತ್ತು. ಎಡಗಣ್ಣು ಮುಚ್ಚಿದರೆ ಅಂಗೈಯೇ ಕಾಣಲಿಲ್ಲ ಅನ್ನುವ ಸಾಲಿಗೆ ಬಂದಾಗ ಕುರ್ಚಿ ಹಿಂದಕ್ಕೆ ಬಿತ್ತು. ಒಡತಿ ಓಡಿಬಂದಳು. ಫೋನು ಅಂದೆ. ನಿಯಮ ಅಂದಳು. ನಾನು ಅವಳ ಸೆರಗು, ಅಂದರೆ ಏಪ್ರನ್ನು, ಹಿಡಿದುಕೊಂಡು ಕಪಾಟಿನ ತನಕ ಎಳೆದುಕೊಂಡು ಹೋದೆ. ನಿನ್ನ ಅಳಿಯ ಶಶಿಧರ ಮೀಟಿಂಗಿನಲ್ಲಿ ಫೋನು ಎತ್ತಲಿಲ್ಲ. ಆಮೇಲೆ ವಿಭಾಳಿಗೆ ಮಾಡಿ, ನಿನ್ನ ಹತ್ತಿರ ಓಡು ಅಂದೆ. ಆಮೇಲೆ ನಿನಗೆ ಮಾಡಿದೆ. "ಕಣ್ಣು" ಅಂದರೆ ನೀನು, "ಬ್ಯಾನಿ ಸುದ್ದಿ ಹೇಳಬಾರದಂತ ಅವರಿಗೆ ಮಾತು ಕೊಟ್ಟೇನಿ" ಅಂತೀ. ಅದಕ್ಕೆ ಕೂಗಿದ್ದು.

ಅದು ಶಕುನ ಅಲ್ಲ ಅವ್ವ. ಬಲಗಣ್ಣಿನ ಒಳಗೆ, ಹಿಂದಿನ ಗೋಡೆಗೆ ರೆಟಿನಾ ಅನ್ನುವ ಒಂದು ತೆಳು ಪೊರೆ ಅಂಟಿಕೊಂಡಿರುತ್ತದೆ. ಅದು ಹರಿದು ಮೇಲಿನಿಂದ ಬಿಚ್ಚಿಕೊಳ್ಳುತ್ತಿತ್ತು. ಮೇಲೆ ಬಿಚ್ಚಿದರೆ ನೋಟದಲ್ಲಿ ಕೆಳಗಿನಿಂದ ಕತ್ತಲೆ ಏರುತ್ತದೆ. ನೊಣ ಅದರ ಮೊದಲ ಗುರುತು, ಮಿಂಚು ಎರಡನೆಯದು. ದವಾಖಾನೆಗೆ ಯಾರಾದರೂ ಬಂದು ಈ ಎರಡು ಮಾತು ಆಡಿದ್ದರೆ ಮೂರನೆಯ ಮಾತು ಆಡುವುದಕ್ಕೆ ಬಿಡದೆ ಕಣ್ಣಿನವರ ಹತ್ತಿರ ಓಡಿಸುತ್ತಿದ್ದೆ. ನೀನು ಬರೆದದ್ದಕ್ಕೆ ವಿನಿಗರ್ ಇಡು ಅಂದೆ.

ನಿನ್ನೆಯ ಆಪರೇಷನ್ ಆದಮೇಲೆ ಕಣ್ಣಿನ ಡಾಕ್ಟರಮ್ಮ ನನ್ನ ಜೊತೆ ಮಾತಾಡಿದರು. ಪೊರೆಯ ನಡುಭಾಗ ಇನ್ನೂ ಬಿಚ್ಚಿರಲಿಲ್ಲ, ಕೂದಲೆಳೆಯಷ್ಟು ಉಳಿದಿತ್ತು ಅಂದರು. ನೋಟ ಎಷ್ಟು ಬರುತ್ತದೆ ಅಂತ ಅವರು ಹೇಳಲಿಲ್ಲ, ನಾನೂ ಸುಳ್ಳು ಹೇಳುವುದಿಲ್ಲ. ಒಳಗೆ ಗ್ಯಾಸಿನ ಗುಳ್ಳೆ ತುಂಬಿದ್ದಾರೆ, ಅದು ಪೊರೆಯನ್ನು ಒತ್ತಿ ಹಿಡಿಯಬೇಕಾದರೆ ನೀನು ಮುಖ ಕೆಳಗೆ ಮಾಡಿ ಮಲಗಬೇಕು. ಏಳಬಾರದು. ಅಡುಗೆಮನೆಗೆ ಹೋಗಬಾರದು.

ಸುಳ್ಳಿನ ಮಾತು ಬಂತು, ಅದನ್ನೂ ಮುಗಿಸುತ್ತೇನೆ. ನಾನು ಒಬ್ಬಳೇ ಬಂದೆ. ಒಬ್ಬಳೇ ಅಂದರೆ ನೀನು ಕಳಿಸುತ್ತಿರಲಿಲ್ಲ. ನಮ್ಮಿಬ್ಬರಲ್ಲಿ ಏನೂ ಆಗಿಲ್ಲ, ಶಶಿಧರನೇ ಟಿಕೆಟ್ಟು ತೆಗೆಸಿದ್ದು. ಇನ್ನೂ ಒಂದು. ನಾನು ಒಂದು ದಿನವೂ ನೀರಿಗೆ ಇಳಿದಿಲ್ಲ. ನಿನ್ನ ಆಣೆಗೆ ಅಲ್ಲ, ಮೊದಲಿನಿಂದಲೂ. ದಿನವೂ ಟವೆಲು ಹಿಡಿದು ದಂಡೆಗೆ ಹೋಗುತ್ತೇನೆ, ಕುರ್ಚಿಯಲ್ಲಿ ಕೂತು ವಾಪಸ್ಸು ಬರುತ್ತೇನೆ. ನಿದ್ದೆಯೂ ಬರುತ್ತಿಲ್ಲ.

ನಾಳೆಯ ದೋಣಿಗೆ ಹೇಳಿದ್ದೇನೆ. ಬರುತ್ತಿದ್ದೇನೆ.

ಮಾಧುರಿ


ನೆವಾರ್ಕ್
ಜೂನ್ 20

ಮಾಧುರಿ,

ದೋಣಿ ಹತ್ತಬೇಡ. ಈ ಪತ್ರ ಮುಟ್ಟುವುದಕ್ಕೆ ಮುಂಚೆ ಹತ್ತಿಬಿಡುತ್ತೀ ಅಂತ ಅಳಿಯಂದಿರಿಂದ ನಿನ್ನೆ ರಾತ್ರಿಯೇ ಹೋಟೆಲಿಗೆ ಫೋನು ಮಾಡಿಸಿ ಹೇಳಿಸಿದ್ದೇನೆ.

ಬೋರಲು ಮಲಗಿ ಬರೆಯುತ್ತಿದ್ದೇನೆ. ಮಂಚದ ತುದಿಯಿಂದ ತಲೆ ಇಳಿಬಿಟ್ಟಿದ್ದೇನೆ, ಕೆಳಗೆ ಸ್ಟೂಲು, ಸ್ಟೂಲಿನ ಮೇಲೆ ಕಾಗದ. ಎಡಗಣ್ಣು ಒಂದರಿಂದಲೇ ಸಾಲು ನೆಟ್ಟಗೆ ಬರುತ್ತಿವೆ ನೋಡು. ಸ್ನೇಹಲ್ ನೆಲದ ಮೇಲೆ ಅಂಗಾತ ಮಲಗಿ ನನ್ನ ಮುಖ ನೋಡಿಕೊಂಡು ಚಹಾಕ್ಕೆ ಸ್ಟ್ರಾ ಹಿಡಿಯುತ್ತಾಳೆ. "ಅಜ್ಜಿ, ಯು ಲುಕ್ ಲೈಕ್ ಎ ಬ್ಯಾಟ್" ಅಂತಾಳೆ. ಅಂದರೆ ಬಾವಲಿಯಂತೆ.

ನೀನು ಬಂದರೆ ಏನಾಗುತ್ತದೆ ನಾನು ಹೇಳುತ್ತೇನೆ. ನಿನ್ನ ಇಳಿದ ಮುಖ ನೋಡುತ್ತೇನೆ, ಮಗಳು ಬಂದಳು ಅಂತ ಎದ್ದು ರೊಟ್ಟಿ ಬಡಿಯುತ್ತೇನೆ. ಗುಳ್ಳೆ ಸರಿಯುತ್ತದೆ. ನನ್ನ ಗುಣ ನನಗೆ ಗೊತ್ತು. ಅಳಿಯಂದಿರ ಅಡುಗೆಗೆ ಯಾರೂ ಎದ್ದು ಓಡುವುದಿಲ್ಲ, ಅವರು ಮಾಡಿದರೇ ಕ್ಷೇಮ.

ವಿಭಾ ಬಂದ ಕಥೆ ಕೇಳು. ಹತ್ತು ನಿಮಿಷದಲ್ಲಿ ಬಾಗಿಲಿಗೆ ಬಂದಳು, ಕಾರಿನಲ್ಲಿ ಕೂಡಿಸಿದಳು. ಫ್ರೀವೇ ಹತ್ತಿದ ಮೇಲೆ, "ಆಂಟಿ, ಅಕ್ಕಿ ಮೂಟೆ ಹಿಂದೆ ಕೂತ್ಕೊಂಡಿದ್ರಲ್ಲ, ನಾನು ನೋಡ್ದೆ" ಅಂದಳು. "ಮತ್ತ ಯಾಕ ಮಾತಾಡಸಲಿಲ್ಲ?" ಅಂದರೆ, "ನಾನು ಗ್ರೀಸಲ್ಲಿ ಇದೀನಲ್ಲ ಆಂಟಿ, ಹೇಗೆ ಮಾತಾಡ್ಸೋದು? ಐಸ್‌ಕ್ರೀಂ ಫ್ರೀಜರ್ ಹಿಂದೆ ನಿಂತು ಹೆಪ್ಪುಗಟ್ಟಿಹೋದೆ" ಅಂದಳು. ಅಷ್ಟು ಹೆದರಿಕೆಯಲ್ಲೂ ನನಗೆ ನಗು ಬಂತು. ಆಪರೇಷನ್ನಿಗೆ ಮೈಮೇಲಿಂದ ಎಲ್ಲಾ ತೆಗೆಯಿರಿ ಅಂದರು. ಕೊರಳಿನ ಲಿಂಗ ತೆಗೆಯಲ್ಲ ಅಂದೆ. ವಿಭಾ ಅವರ ಜೊತೆ ಜಗಳಾಡಿ, ಲಿಂಗ ಇಡುವ ಬೆಳ್ಳಿ ಕರಡಿಗೆಯನ್ನು ತನ್ನ ಪರ್ಸಿನಲ್ಲಿ ಇಟ್ಟುಕೊಂಡು, ಲಿಂಗವನ್ನು ಅರಿವೆಯಲ್ಲಿ ಸುತ್ತಿ ನನ್ನ ಅಂಗೈಗೆ ಪಟ್ಟಿ ಹಾಕಿಸಿದಳು. ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದೆ.

ನೀನು ವಿನಿಗರ್ ಇಡು ಅಂದದ್ದಕ್ಕೆ ಅಳಬೇಡ. ನೊಣ ಅಂತ ಬರೆದವಳು ನಾನು. ದಿನಕ್ಕೆ ಹತ್ತು ಹೆದರಿಕೆ ಬರೆಯುವವಳ ಪತ್ರದಲ್ಲಿ ನಿಜವಾದ ಒಂದನ್ನು ಯಾರಾದರೂ ಹೇಗೆ ಆರಿಸಬೇಕು. ನೀನು ಆರಿಸಿದೆ.

ಅದು ನಿನ್ನ ನೀರಿನ ಸುದ್ದಿ ಅಲ್ಲ, ನನ್ನ ಕಣ್ಣಿನದು ಅಂತ ಆದಮೇಲೆ ಆಣೆ ವಾಪಸ್ಸು ತೆಗೆದುಕೊಂಡಿದ್ದೇನೆ. ಆಳಕ್ಕೆ ಹೋಗಬೇಡ. ಸೊಂಟದ ತನಕ.

ಅವ್ವ


ಗ್ರೀಸ್
ಜೂನ್ 23

ಅವ್ವ,

ದೋಣಿ ಬಿಟ್ಟೆ. ದಿನಕ್ಕೆ ಎರಡು ಸಲ ಒಡತಿಯೇ ಕಪಾಟು ತೆರೆದು ಫೋನು ಕೊಟ್ಟು ಆಚೆ ನಿಲ್ಲುತ್ತಾಳೆ. ಕಣ್ಣು ತೋರಿಸಿ, ಹೇಗಿದೆ ಅಂತ ಕೈಯಲ್ಲೇ ಕೇಳುತ್ತಾಳೆ.

ಇವತ್ತು ಬೆಳಿಗ್ಗೆ ನೀರಿಗೆ ಇಳಿದೆ. ಸೊಂಟದ ತನಕ ಹೋಗಿ ಬಹಳ ಹೊತ್ತು ನಿಂತಿದ್ದೆ. ಒಡತಿ ಒಂದು ಗಾಜಿನ ಮುಖವಾಡ ಕೊಟ್ಟಿದ್ದಳು, ಉಸಿರಾಡುವುದಕ್ಕೆ ಕೊಳವೆ ಇರುವಂಥದು. ಅದನ್ನು ಹಾಕಿಕೊಂಡು ಬೋರಲಾದೆ. ಮುಖ ಕೆಳಗೆ, ಕೈ ಅಗಲ, ಕಣ್ಣು ತೆರೆದು. ನನ್ನದೇ ಉಸಿರಿನ ಸದ್ದು. ತಳದಲ್ಲಿ ಬಿಸಿಲು ಬಲೆಯ ಹಾಗೆ ಹರಡಿಕೊಂಡು ಅಲ್ಲಾಡುತ್ತಿತ್ತು. ನೆವಾರ್ಕಿನಲ್ಲಿ ನೀನೂ ಹೀಗೇ ಇದ್ದೀಯಲ್ಲ ಅನ್ನಿಸಿತು, ಮುಖ ಕೆಳಗೆ ಮಾಡಿಕೊಂಡು. ಆಮೇಲೆ ದಂಡೆಗೆ ಬಂದು ಅಂಜೂರದ ಕೆಳಗೆ ಕೂತವಳು ಯಾವಾಗ ನಿದ್ದೆ ಹೋದೆನೋ ಗೊತ್ತಿಲ್ಲ. ಆಡಿನ ಗಂಟೆಗೆ ಎಚ್ಚರವಾದಾಗ ಬಿಸಿಲು ಗುಡ್ಡದ ಆಚೆ ಹೋಗಿತ್ತು. ಯಾರೋ ಮೈಮೇಲೆ ಚಾದರ ಹೊದಿಸಿದ್ದರು.

ಏನಾದರೂ ಕಾಣುತ್ತಿದೆಯೇ? ಫೋನಿನಲ್ಲಿ ನೀನು ಜಾರಿಸುತ್ತೀ. ಹೆದರಿಕೆ ಇದ್ದರೆ ಹೆದರಿಕೆಯನ್ನೇ ಬರೆ. ಇನ್ನು ಪೂರ್ತಿ ಓದುತ್ತೇನೆ.

ಮಾಧುರಿ


ನೆವಾರ್ಕ್
ಜೂನ್ 26

ಮಾಧುರಿ,

ನೀನು ಶನಿವಾರ ಬರುತ್ತೀ, ಬಂದ ಮೇಲೆ ಬಾಯಿಂದ ಹೇಳಬಹುದು. ಆದರೂ ಬರೆಯುತ್ತೇನೆ, ಬರೆದದ್ದನ್ನು ನೀನು ಓದುತ್ತೀ ಅಂತ ಮಾತು ಕೊಟ್ಟಿದ್ದೀ.

ಮೊನ್ನೆಯ ತನಕ ಬಲಗಣ್ಣಿನಲ್ಲಿ ಬರೀ ಮಂಜು. ನಮ್ಮ ಊರಿನ ಒಲೆಯ ಬೂದಿ ಬಣ್ಣದ ಹೊಗೆಯ ಹಾಗೆ. ಫೋನಿನಲ್ಲಿ ಜಾರಿಸಿದ್ದು ಅದಕ್ಕೇ. ಇನ್ನು ಇಷ್ಟೇ ಅಂತ ತಿಳಿದು, ಬೋರಲು ಮಲಗಿ, ಯಾರಿಗೂ ಗೊತ್ತಾಗದ ಹಾಗೆ ಸ್ಟೂಲಿನ ಮೇಲೆ ಅತ್ತಿದ್ದೂ ಇದೆ. ಅತ್ತರೆ ಗುಳ್ಳೆಗೆ ಏನಾದರೂ ಆಗುತ್ತದೆಯೋ ಅಂತ ಅದೊಂದು ಬೇರೆ ಹೆದರಿಕೆ.

ಡಾಕ್ಟರಮ್ಮ ನಿನ್ನೆ ನೋಡಿ, ಇನ್ನು ಕೂರಬಹುದು, ರಾತ್ರಿ ಮಾತ್ರ ಬೋರಲು ಅಂದರು. ಇವತ್ತು ಬೆಳಿಗ್ಗೆ ಪೂಜೆಗೆ ನೆಟ್ಟಗೆ ಕೂತೆ. ಎಡಗಣ್ಣು ಮುಚ್ಚಿದೆ. ಮುಚ್ಚುವುದಕ್ಕೆ ಎಷ್ಟು ಹೊತ್ತು ತೆಗೆದುಕೊಂಡೆ ಅಂತ ಕೇಳಬೇಡ.

ಕಣ್ಣಿನೊಳಗೆ ಒಂದು ಗೆರೆ ಇದೆ ಮಾಧುರಿ, ಅಡ್ಡಗೆರೆ. ಗೆರೆಯ ಕೆಳಗೆ ನೀರಿನ ಹಾಗೆ ಮಸುಕು, ತಲೆ ಅಲ್ಲಾಡಿಸಿದರೆ ತುಳುಕುತ್ತದೆ. ಗೆರೆಯ ಮೇಲೆ ಬೆಳಕಿದೆ. ಅದು ಗುಳ್ಳೆಯ ಅಂಚಂತೆ, ಗುಳ್ಳೆ ಕರಗಿದ ಹಾಗೆ ಆ ಗೆರೆ ದಿನವೂ ಇಳಿಯುತ್ತದಂತೆ. ನೀನು ಬರೆದಿದ್ದೆಯಲ್ಲ, ಪರಾತದಲ್ಲಿ ಹಿಡಿದಿಟ್ಟ ನೀರು, ಅಲೆ ಇಲ್ಲದ್ದು. ಅಂಥದೊಂದು ನನ್ನ ಕಣ್ಣಲ್ಲೂ ಬಂದು ಕೂತಿದೆ.

ಅಂಗೈ ಎತ್ತಿ ಹಿಡಿದೆ. ಗೆರೆಗಿಂತ ಮೇಲೆ ಬರುವ ತನಕ ಎತ್ತಿದೆ. ಲಿಂಗದ ತುದಿ ಕಂಡಿತು, ಅದರ ಮೇಲಿನ ವಿಭೂತಿಯ ಮೂರು ಬೆರಳಿನ ಗುರುತು ಕಂಡಿತು. ವಿಭೂತಿಯ ಗೆರೆ ಸ್ವಲ್ಪ ಬಾಗಿ ಕಾಣುತ್ತದೆ, ನೆಟ್ಟಗಿಲ್ಲ. ಬಾಗಿದ್ದರೆ ಬಾಗಿರಲಿ.

ಶನಿವಾರ ನೀನು ಬಾಗಿಲಲ್ಲಿ ನಿಂತಾಗ ನಿನ್ನ ಮುಖ ಗೆರೆಯ ಮೇಲೆ ಬರುತ್ತದೋ ಇಲ್ಲವೋ ಅನ್ನುವುದೊಂದೇ ಈಗ ನನ್ನ ಚಿಂತೆ. ಮೆಟ್ಟಿಲ ಮೇಲೆ ನಿಂತುಕೋ. ನಾನು ಕೆಳಗೆ ನಿಲ್ಲುತ್ತೇನೆ.

ಅವ್ವ